ಬೀಜ ಕೊಟ್ಟವನ ತುತ್ತು

“ಗುರುಗಳೇ, ಕೊಟ್ಟವರು ತಿರುಗಿ ತೆಗೆದುಕೊಳ್ಳಬಹುದೇ?”

ಮಠದ ಜಗಲಿಯಲ್ಲಿ ಕುಳಿತು ಅಡವಯ್ಯ ಕೇಳಿದ ಪ್ರಶ್ನೆ ಇದು. ಅಡವಯ್ಯ ಗುರುಗಳ ಹಳೆಯ ಶಿಷ್ಯ. ಶಾಲೆಯ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಊರಿನ ನಾಲ್ಕಾರು ಗೆಳೆಯರನ್ನು ಕೂಡಿಸಿಕೊಂಡು ಒಂದು ಸಣ್ಣ ಸೇವಾ ಸಂಘ ಕಟ್ಟಿದ್ದ. ಕಡಲಾಚೆಯ ದೇಶವೊಂದರ ಬೆಟ್ಟದ ಹಳ್ಳಿಗೆ ಆ ಸಂಘ ಬಹಳ ವರ್ಷಗಳಿಂದ ನೆರವಾಗುತ್ತ ಬಂದಿತ್ತು. ಬಿತ್ತನೆಗೆ ಶೇಂಗಾ ಬೀಜ ಕೊಟ್ಟಿದ್ದರು, ಶಾಲೆಯ ಮೇಲೆ ತಗಡು ಹೊದಿಸಿದ್ದರು, ವರ್ಷಕ್ಕೊಮ್ಮೆ ಯಾರಾದರೊಬ್ಬರು ಹೋಗಿ ನೋಡಿ ಬರುತ್ತಿದ್ದರು.

ಈ ವರ್ಷ ಆ ಹಳ್ಳಿಯವರು ತಾವು ಬೆಳೆದ ಶೇಂಗಾ ಹುರಿದು, ಬಣ್ಣದ ಬಟ್ಟೆಯಲ್ಲಿ ಗಂಟು ಕಟ್ಟಿ, ಈ ಕಡೆಗೆ ಬರುವವರ ಕೈಯಲ್ಲಿ ಸಂಘಕ್ಕೆಂದು ಕಳಿಸಿದ್ದರು. ಅದನ್ನು ಏನು ಮಾಡಬೇಕೆಂದು ಸಂಘದಲ್ಲಿ ಜಗಳ ಹತ್ತಿತ್ತು. ಅವರಿಂದ ಏನನ್ನೂ ಮುಟ್ಟಬಾರದು ಎಂಬುದು ಮೊದಲ ದಿನದಿಂದ ಇದ್ದ ನಿಯಮ. ಮರಳಿ ಕಳಿಸೋಣ ಎಂದು ಕೆಲವರು ಹೇಳಿದರು. ನಮ್ಮೂರ ಶಾಲೆಯ ಮಕ್ಕಳಿಗೆ ಹಂಚಿಸೋಣ ಎಂದರು ಇನ್ನು ಕೆಲವರು. ಕೊನೆಗೆ ಅಡವಯ್ಯ ಗಂಟನ್ನು ಎತ್ತಿಕೊಂಡು ಮಠಕ್ಕೆ ಬಂದಿದ್ದ. ಅದು ಅವನ ಮಗ್ಗುಲಲ್ಲಿ ಕಂಬಕ್ಕೆ ಒರಗಿಕೊಂಡಿತ್ತು.

“ಕೇಳಬೇಕಾದದ್ದು ಇಷ್ಟೇ ಏನು?” ಎಂದರು ಗುರುಗಳು.

ಅಡವಯ್ಯ ಹೇಳಿದ: “ಇನ್ನೊಂದಿದೆ. ಮೊದಮೊದಲು ನಾವು ಹೋದಾಗ ಅಲ್ಲಿನ ಮಕ್ಕಳು ಬೆಟ್ಟ ಇಳಿದು ಓಡಿ ಬರುತ್ತಿದ್ದವು. ಹೆಂಗಸರು ಹಾಡುತ್ತಿದ್ದರು. ಮುದುಕರು ಕೈ ಹಿಡಿದುಕೊಂಡರೆ ಬಿಡುತ್ತಿರಲಿಲ್ಲ. ಈಗ ಹೋದರೆ, ಬಂದಿರಾ, ಕೂತುಕೊಳ್ಳಿ, ಕಳೆ ಕಿತ್ತು ಬರುತ್ತೇವೆ ಅನ್ನುತ್ತಾರೆ. ಅವರು ಚೆನ್ನಾಗಿದ್ದಾರೆ, ಸಂತೋಷವೇ. ಆದರೂ ನನಗೆ ಆ ಹಳೆಯ ದಿನಗಳೇ ಬೇಕು ಅನ್ನಿಸುತ್ತದೆ. ಯಾಕೆ ಹೀಗೆ?”

ಗುರುಗಳು ನಕ್ಕರು. “ತಿನ್ನುವ ಪದಾರ್ಥವನ್ನು ಪಕ್ಕದಲ್ಲಿ ಇಟ್ಟುಕೊಂಡು ಧರ್ಮ ಕೇಳಲು ಬಂದಿದ್ದೀಯ. ಇರಲಿ, ಒಂದು ಕತೆ ಹೇಳುತ್ತೇನೆ, ಕೇಳು” ಎಂದು ಆರಂಭಿಸಿದರು.

ಕಡಲ ದಂಡೆಯ ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನದು ಒಂದೇ ಹಾಯಿ ಹಡಗು. ಮಳೆಗಾಲ ಮುಗಿದು ಗಾಳಿ ತಿರುಗಿದಾಗ ಸರಕು ತುಂಬಿಕೊಂಡು ಹೊರಡುತ್ತಿದ್ದ. ಮುಂದಿನ ಮಳೆ ಹಿಡಿಯುವುದರೊಳಗೆ, ಎದುರು ದಿಕ್ಕಿನ ಗಾಳಿ ಹಿಡಿದು ಮನೆ ಸೇರುತ್ತಿದ್ದ.

ಒಂದು ಸಲ ಕುಡಿಯುವ ನೀರು ತೀರಿಹೋಗಿ, ಅವನು ಗುರುತಿಲ್ಲದ ದಂಡೆಯೊಂದರಲ್ಲಿ ಇಳಿದ. ದಂಡೆಯ ಮೇಲಿನ ಬೆಟ್ಟದಲ್ಲಿ ಒಂದು ಹಳ್ಳಿ ಇತ್ತು. ಆ ವರ್ಷ ಅಲ್ಲಿ ಮಿಡತೆ ಬಂದು ಬೆಳೆಯನ್ನೆಲ್ಲ ತಿಂದುಹಾಕಿತ್ತು. ಬೀಜಕ್ಕೆಂದು ಇಟ್ಟಿದ್ದನ್ನೂ ಜನ ತಿಂದು ಮುಗಿಸಿದ್ದರು. ಆದರೂ ಒಬ್ಬ ಮುದುಕ ವರ್ತಕನನ್ನು ಮನೆಗೆ ಕರೆದು ನೀರು ಕೊಟ್ಟ. ಅವನ ಹೆಂಡತಿ ಒಂದು ಗೆಡ್ಡೆ ಬೇಯಿಸಿ ಬಡಿಸಿದಳು. ಮನೆಯಲ್ಲಿದ್ದ ಗೆಡ್ಡೆ ಅದೊಂದೇ ಎಂಬುದು ವರ್ತಕನಿಗೆ ತಿಂದಾದ ಮೇಲೆ ಗೊತ್ತಾಯಿತು.

ಹಡಗಿನಲ್ಲಿ ರಾಗಿ ಇತ್ತು. ಅವನು ಒಂದು ಮೂಟೆ ಇಳಿಸಿದ. ಇದನ್ನು ತಿನ್ನಬೇಡಿ, ಬಿತ್ತಿರಿ, ತಿನ್ನಲು ಬೇರೆ ಕೊಡುತ್ತೇನೆ ಎಂದು ಇನ್ನೊಂದು ಮೂಟೆಯನ್ನೂ ಇಳಿಸಿದ. ಬಿತ್ತುವ ಕ್ರಮವನ್ನು ಕೈಯಾರೆ ತೋರಿಸಿದ. ಬೆಟ್ಟದ ಇಳಿಜಾರಿಗೆ ಆ ಬೆಳೆ ಚೆನ್ನಾಗಿ ಹೊಂದಿಕೊಂಡಿತು.

ಊರಿಗೆ ಬಂದು ವರ್ತಕ ಆ ಗೆಡ್ಡೆಯ ಕತೆ ಹೇಳಿದ. ಕೇಳಿದವರ ಕರುಳು ಚುರ್ ಎಂದಿತು. ಓಣಿಯ ಕಂಚುಗಾರ, ಗಾಣಿಗ, ಹೂ ಮಾರುವ ಹೆಂಗಸು, ಹೀಗೆ ಕೆಲವು ಮನೆಯವರು ಒಂದಾದರು. ಹಿಟ್ಟು ಬೀಸುವ ಮೊದಲು ಪ್ರತಿಯೊಂದು ಮನೆಯಲ್ಲೂ ಒಂದು ಹಿಡಿ ಧಾನ್ಯ ತೆಗೆದು ಬೇರೆ ಮಡಕೆಗೆ ಹಾಕುವುದು, ಹಡಗು ಹೊರಡುವಾಗ ಆ ಮಡಕೆಗಳನ್ನೆಲ್ಲ ಬರಿದು ಮಾಡಿ ಬೆಟ್ಟದ ಹಳ್ಳಿಗೆ ಕಳಿಸುವುದು ಎಂದು ಮಾತಾಯಿತು. ಯಾರೂ ದೊಡ್ಡ ಸಾಹುಕಾರರಲ್ಲ. ಹಿಡಿಯಿಂದಲೇ ಮೂಟೆ ತುಂಬುತ್ತಿತ್ತು. ಅಡವಯ್ಯ, ನಿನ್ನ ಸಂಘವೂ ಹೀಗೆಯೇ ಶುರುವಾದದ್ದಲ್ಲವೇ?

ಮರುವರ್ಷ ವರ್ತಕ ಅಲ್ಲಿಗೆ ಹೋದಾಗ ಸುಗ್ಗಿ ಮುಗಿದಿತ್ತು. ಕಣಜ ತುಂಬಿತ್ತು. ಆದರೆ ಕಣಜದ ಬಾಗಿಲಿಗೆ ಹುಲ್ಲಿನ ಹಗ್ಗ ಕಟ್ಟಿತ್ತು. ಒಂದು ಕಾಳನ್ನೂ ಯಾರೂ ಮುಟ್ಟಿರಲಿಲ್ಲ. ಆ ನಾಡಿನ ಪದ್ಧತಿಯೇ ಹಾಗೆ. ಬೀಜ ಕೊಟ್ಟವನು ಬಂದು ಹಗ್ಗದ ಗಂಟು ಬಿಚ್ಚಬೇಕು, ಹೊಸ ಧಾನ್ಯದ ಅಂಬಲಿಯಲ್ಲಿ ಮೊದಲ ಬಟ್ಟಲನ್ನು ಅವನು ಕುಡಿಯಬೇಕು. ಆಮೇಲೆಯೇ ಉಳಿದವರು ಬಾಯಿಗೆ ಹಾಕಬೇಕು.

ವರ್ತಕ ಗಂಟು ಬಿಚ್ಚಿದ. ಮೊದಲ ಬಟ್ಟಲು ಕುಡಿದ. ಊರಿಗೆ ಊರೇ ಅವನ ಬಾಯನ್ನು ನೋಡುತ್ತ ನಿಂತಿತ್ತು. ಅವನು ಚೆನ್ನಾಗಿದೆ ಎಂದ ಕೂಡಲೇ ಎಲ್ಲರೂ ನಕ್ಕು ಕೈಗೆ ಬಟ್ಟಲು ಎತ್ತಿಕೊಂಡರು. ವ್ಯಾಪಾರದಲ್ಲಿ ಅಂಥ ಸುಖ ಅವನಿಗೆ ಯಾವತ್ತೂ ಸಿಕ್ಕಿರಲಿಲ್ಲ. ಅವನು ಒಳ್ಳೆಯವನು, ಅದರಲ್ಲಿ ಅನುಮಾನವಿಲ್ಲ. ಒಳ್ಳೆಯವರಿಗೂ ಜನ ತಮ್ಮ ಬಾಯಿ ನೋಡುತ್ತ ನಿಂತರೆ ಹಿತವಾಗುತ್ತದೆ.

ಹೊರಡುವ ದಿನ ಮುದುಕ ದಂಡೆಗೆ ಬಂದ. ಕೈಯಲ್ಲಿ ತೆಂಗಿನ ಗರಿಯಿಂದ ಹೆಣೆದ ಒಂದು ಪುಟ್ಟ ಚೀಲ. ಅದರಲ್ಲಿ ಆ ವರ್ಷದ ರಾಗಿಯ ಬೀಜ. ಮೊಣಕಾಲುದ್ದ ನೀರಿಗೆ ಇಳಿದು ಅದನ್ನು ದೋಣಿಯೊಳಗೆ ಇಟ್ಟ. ವರ್ತಕ ಎರಡೂ ಕೈ ಮುಗಿದು, ಬೇಡಪ್ಪ, ನಿಮಗೇ ಬೇಕಾಗುತ್ತದೆ ಎಂದು ಚೀಲವನ್ನು ಮತ್ತೆ ಅವನ ಕೈಗೇ ಕೊಟ್ಟ. ಮುದುಕ ಅದನ್ನು ಹಿಡಿದುಕೊಂಡು, ಹಾಯಿ ಮರೆಯಾಗುವವರೆಗೂ ನೀರಿನಲ್ಲೇ ನಿಂತಿದ್ದ.

ವರ್ಷ ವರ್ಷವೂ ಹೀಗೆಯೇ ನಡೆಯಿತು. ವರ್ತಕ ಅವರ ಭಾಷೆಯನ್ನೂ ಕಲಿತ. ದಂಡೆಯಲ್ಲಿ ಒಂದು ಬಂಡೆ ಇತ್ತು. ಗಾಳಿ ತಿರುಗಿತೆಂದರೆ ಮುದುಕ ಅದರ ಮೇಲೆ ಹೋಗಿ ಕುಳಿತುಕೊಳ್ಳುತ್ತಿದ್ದ. ಹಡಗಿನವರಿಗೆ ದಂಡೆ ಕಾಣುವ ಮೊದಲು ಅವನ ಬಿಳಿಯ ಮೈಹೊದಿಕೆ ಕಾಣುತ್ತಿತ್ತು. ಅವನು ಎದ್ದು ಕೂಗಿದರೆ ಮೇಲಿನಿಂದ ಜನ ಇಳಿದು ಬರುತ್ತಿದ್ದರು. ಗಂಟು ಬಿಚ್ಚುವುದು, ಮೊದಲ ಬಟ್ಟಲು, ಹಾಡು, ಊಟ. ಹೊರಡುವಾಗ ಮುದುಕನ ಚೀಲ, ವರ್ತಕನ ಕೈಮುಗಿತ.

ವರ್ತಕ ಊರಿಗೆ ಬಂದರೆ ಓಣಿಯ ಜನ ಸುತ್ತ ನೆರೆಯುತ್ತಿದ್ದರು. ನಮ್ಮ ವಿಚಾರ ಏನಂದರು ಎಂದು ಕಂಚುಗಾರ ಮೊದಲು ಕೇಳುತ್ತಿದ್ದ. ವರ್ತಕ ಹೇಳುತ್ತಿದ್ದ. ವರ್ಷದಿಂದ ವರ್ಷಕ್ಕೆ ಆ ಹಾಡು ಉದ್ದವಾಗುತ್ತಿತ್ತು, ಆ ಜನ ಸುರಿಸುವ ಕಣ್ಣೀರು ಹೆಚ್ಚುತ್ತಿತ್ತು. ಕೊನೆಯಲ್ಲಿ ಅವನು ತಪ್ಪದೆ ಹೇಳುತ್ತಿದ್ದ ಮಾತು, ಅವರಿಂದ ಒಂದು ಕಾಳನ್ನೂ ನಾನು ತೆಗೆದುಕೊಂಡಿಲ್ಲ. ಅದನ್ನು ಕೇಳಿ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಬೆಟ್ಟದ ಹಳ್ಳಿಯಲ್ಲಿ ಈಗ ರಾಗಿಗೆ ಕೊರತೆ ಇರಲಿಲ್ಲ. ಆದರೂ ಇವರು ಹಿಡಿ ಧಾನ್ಯ ತೆಗೆದಿಡುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಆ ಕತೆ ಕೇಳುವುದೂ ನಿಂತುಹೋಗುತ್ತದಲ್ಲ.

ಹೀಗಿರುವಾಗ ಒಂದು ವರ್ಷ ನಡುಗಡಲಿನಲ್ಲಿ ಬಿರುಗಾಳಿಗೆ ಹಡಗಿನ ಹಾಯಿ ಕಟ್ಟುವ ಕೂವೆಮರ ಮುರಿಯಿತು. ಹಡಗು ಹೇಗೋ ತೇಲಿಕೊಂಡು ಬೇರೆ ಬಂದರು ಸೇರಿತು. ಹೊಸ ಮರ ಹುಡುಕಿ, ನಿಲ್ಲಿಸಿ, ಹಾಯಿ ಹೊಲಿಸಿಕೊಂಡು ಹೊರಡುವುದರಲ್ಲಿ ತಿಂಗಳುಗಳು ಕಳೆದುಹೋದವು. ವರ್ತಕ ಬೆಟ್ಟದ ಹಳ್ಳಿ ಸೇರಿದಾಗ ಅವನು ಅಲ್ಲಿಂದ ಮರಳುವ ಕಾಲವೇ ಹತ್ತಿರ ಬಂದಿತ್ತು.

ಬಂಡೆಯ ಮೇಲೆ ಯಾರೂ ಇರಲಿಲ್ಲ.

ಬೇಸತ್ತು ಹೋಗಿರಬೇಕು ಎಂದುಕೊಂಡು ಅವನು ಬೆಟ್ಟ ಹತ್ತಿದ. ಕಣಜ ಎದುರಾಯಿತು. ಹುಲ್ಲಿನ ಹಗ್ಗ ಒಣಗಿ ಹಳದಿಯಾಗಿತ್ತು. ಗಂಟು ಕಟ್ಟಿದ ಹಾಗೆಯೇ ಇತ್ತು. ಅದನ್ನು ನೋಡಿದ ಕ್ಷಣ ವರ್ತಕನ ಮನಸ್ಸು ಹಿಗ್ಗಿತು. ಇಷ್ಟು ತಡವಾದರೂ ನನ್ನನ್ನು ಬಿಟ್ಟು ಉಂಡಿಲ್ಲ ಎಂದುಕೊಂಡ.

ಆಮೇಲೆ ಜನ ಹೊರಗೆ ಬಂದರು. ಅವರ ಕೆನ್ನೆಗಳು ಒಳಗೆ ಹೋಗಿದ್ದವು. ಹಳೆಯ ರಾಗಿ ಎಂದೋ ತೀರಿತ್ತು. ಸೊಪ್ಪು, ಬೇರು, ಕಾಡಿನ ಗೆಡ್ಡೆ ತಿಂದುಕೊಂಡು ತುಂಬಿದ ಕಣಜದ ಎದುರಿನಲ್ಲಿ ಅವರು ಕಾದಿದ್ದರು. ಮುದುಕ ಬಂಡೆ ಬಿಟ್ಟು ಏಳುತ್ತಿರಲಿಲ್ಲವಂತೆ. ತಂದುಕೊಟ್ಟ ಗೆಡ್ಡೆಯನ್ನು ಅಲ್ಲಿಗೆ ಬಂದ ಮಕ್ಕಳಿಗೇ ಕೊಟ್ಟುಬಿಡುತ್ತಿದ್ದನಂತೆ. ಗಂಟು ಬಿಚ್ಚೋಣ ಎಂದು ಹರೆಯದವರು ಕೇಳಲು ಹೋದರೆ, ಅವನು ಬರುತ್ತಾನೆ, ಬೀಜ ಅವನದು ಎಂದನಂತೆ. ವರ್ತಕ ಬರುವುದಕ್ಕೆ ಕೆಲವೇ ದಿನ ಮುಂಚೆ ಅವನನ್ನು ಬಂಡೆಯ ಹತ್ತಿರವೇ ಮಣ್ಣು ಮಾಡಿದ್ದರು.

ವರ್ತಕ ಗಂಟು ಬಿಚ್ಚಲು ಹೋದ. ಒಣಗಿದ ಗಂಟು ಬಿಗಿದುಕೊಂಡಿತ್ತು. ಹಗ್ಗವನ್ನು ಹರಿದು ಹಾಕಿದ. ಬಟ್ಟಲು ಬಂದಾಗ ಒಂದು ಗುಟುಕು ಕುಡಿದು, ಎಲ್ಲರೂ ಬೇಗ ಉಣ್ಣಿ ಎಂದು ಕೂಗಿ ಹೇಳಿದ. ಅವನಿಗೆ ಮುದುಕನ ಸಾವಿಗಿಂತಲೂ ಕಣಜದ ಮುಂದೆ ತಾನು ಹಿಗ್ಗಿದ ಆ ಒಂದು ಕ್ಷಣ ಹೆಚ್ಚು ಸುಡುತ್ತಿತ್ತು.

ಅವನು ಮುದುಕನ ಹೆಂಡತಿಯ ಮುಂದೆ ಹೋಗಿ ಕುಳಿತ. “ಅವ್ವಾ, ಇನ್ನು ಮೇಲೆ ಯಾರೂ ನನಗಾಗಿ ಕಾಯಬೇಡಿ. ಬೆಳೆದ ಕೂಡಲೇ ಉಣ್ಣಿ. ಇದು ನನ್ನ ಮಾತು” ಎಂದ.

ಮುದುಕಿ ತಲೆ ಅಲ್ಲಾಡಿಸಿದಳು. “ನಿನ್ನ ಮಾತಿನಿಂದ ಆಗೋದಲ್ಲ ಮಗಾ. ಬೀಜ ನಿಂದು. ನೀನು ನಮ್ಮಿಂದ ಬೀಜ ತಗೊಂಡು ನಿನ್ನ ಮಣ್ಣಿಗೆ ಹಾಕೋವರೆಗೂ ಅದು ನಿಂದೇ. ಅದಕ್ಕೇ ಅಲ್ವಾ ನನ್ನ ಗಂಡ ವರ್ಷಾ ವರ್ಷಾ ಚೀಲ ಹಿಡ್ಕೊಂಡು ನೀರಿಗೆ ಇಳೀತಿದ್ದಿದ್ದು? ನೀನು ಕೈ ಮುಗಿದು ವಾಪಸ್ ಕೊಟ್ಟೆ. ಬೆಟ್ಟದ ಮೇಲಿನ ಬೆಳೆಯೆಲ್ಲ ತನ್ನದೇ ಆಗಿರಲಿ ಅಂತ ಅವನ ಆಸೆ ಇರಬೇಕು, ಒಳ್ಳೇ ಮನುಷ್ಯ, ಇರಲಿ ಬಿಡು ಅಂತ ನಿನ್ನ ಬಗ್ಗೆ ಹೇಳ್ತಿದ್ದ.”

ಓಣಿಯವರ ಮುಂದೆ ತಾನು ಎದೆ ತಟ್ಟಿಕೊಂಡು ಹೇಳುತ್ತಿದ್ದ ಮಾತು ವರ್ತಕನಿಗೆ ನೆನಪಾಯಿತು. ಒಂದು ಕಾಳನ್ನೂ ತೆಗೆದುಕೊಂಡಿಲ್ಲ. ಆ ಮಾತೇ ಈ ಜನರ ಬಾಗಿಲಿಗೆ ಕಟ್ಟಿದ ಹಗ್ಗವಾಗಿತ್ತು.

“ಅವ್ವಾ, ನನಗೆ ಬೀಜ ಬೇಕು. ಕೊಡ್ತೀಯಾ?” ಎಂದು ಕೇಳಿದ.

ಮುದುಕಿ ಒಳಗೆ ಹೋಗಿ ಗರಿಯ ಚೀಲ ತಂದಳು. ಮುದುಕ ಬಂಡೆಯ ಮೇಲೆ ಕುಳಿತು ಆ ವರ್ಷಕ್ಕೆಂದು ಹೆಣೆದಿದ್ದ ಚೀಲ ಅದು. ಬಾಯಿ ಹೆಣೆಯುವುದು ಮಾತ್ರ ಉಳಿದಿತ್ತು. ಅದರಲ್ಲಿ ಬೀಜ ತುಂಬಿ ಆ ಕೆಲಸವನ್ನು ಅವಳು ಮುಗಿಸಿದಳು. ವರ್ತಕ ಬೊಗಸೆಯೊಡ್ಡಿ ಅದನ್ನು ತೆಗೆದುಕೊಂಡ.

ಊರಿಗೆ ಬಂದು ನಡೆದದ್ದನ್ನೆಲ್ಲ ಇದ್ದ ಹಾಗೆಯೇ ಹೇಳಿದ. ಈ ಸಲ ಹಾಡೂ ಇಲ್ಲ, ಕಣ್ಣೀರೂ ಇಲ್ಲ. ಓಣಿಯವರಿಗೆ ಹಿಡಿಸಲಿಲ್ಲ. “ಇಷ್ಟು ವರ್ಷ ಕೊಟ್ಟವರು ನಾವು. ಈಗ ಅವರ ಮುಂದೆ ಹೋಗಿ ಕೈ ಚಾಚಿ ಬಂದೆಯಲ್ಲೋ” ಎಂದ ಕಂಚುಗಾರ. ಮನೆಗೆ ಹೋಗಿ ಹಿಡಿ ಧಾನ್ಯದ ಮಡಕೆಯನ್ನು ಬೋರಲು ಹಾಕಿದ. ಇನ್ನೂ ಕೆಲವರು ಹಾಗೆಯೇ ಮಾಡಿದರು.

ವರ್ತಕ ಮಳೆ ಬಿದ್ದ ಮೇಲೆ ಮನೆಯ ಹಿತ್ತಿಲು ಅಗೆದು ಆ ಬೀಜ ಬಿತ್ತಿದ. ತೆನೆ ತುಂಬಿತು. ಕೊಯ್ದು, ಬಡಿದು, ಒಂದು ಮಡಕೆಗೆ ತುಂಬಿ, ಬಾಯಿಗೆ ಹುಲ್ಲಿನ ಹಗ್ಗ ಕಟ್ಟಿದ. ಈಗ ಬೀಜ ಕೊಟ್ಟವರು ಅವರು, ಬಂದು ಗಂಟು ಬಿಚ್ಚಬೇಕಾದವರೂ ಅವರೇ. ಗಾಳಿ ತಿರುಗಿತು. ಆ ವರ್ಷ ಅವನು ಹಡಗು ಹತ್ತಲಿಲ್ಲ. ನಾವಿಕರನ್ನು ಮಾತ್ರ ಕಳಿಸಿದ. ನಿಮ್ಮ ರಾಗಿ ಬೆಳೆದಿದೆ, ಯಾರಾದರೂ ಬಂದು ಮೊದಲ ಬಟ್ಟಲು ಕುಡಿಯಿರಿ ಎಂದು ಹೇಳಿಕಳಿಸಿದ.

ಹಡಗು ಹೋಯಿತು. ಅವನು ಕಾದ.

ಚಳಿ ಕಳೆಯಿತು, ಬಿಸಿಲು ಏರಿತು. ಕಡಲಿನ ಕಡೆಯಿಂದ ಗಾಳಿ ಬೀಸಿದರೆ ಸಾಕು, ಅವನು ಎದ್ದು ದಂಡೆಗೆ ಹೋಗುತ್ತಿದ್ದ. ಅಲ್ಲಿ ಸರಿಯಾದ ಬಂಡೆಯೂ ಇರಲಿಲ್ಲ, ಮಗುಚಿ ಹಾಕಿದ ಒಂದು ಹಳೆಯ ದೋಣಿಯ ಮೇಲೆ ಕುಳಿತುಕೊಳ್ಳುತ್ತಿದ್ದ. ಮನೆಯಲ್ಲಿ ಅನ್ನವಿತ್ತು, ಅವನು ಹಸಿದಿರಲಿಲ್ಲ. ಆದರೂ ಹಗ್ಗ ಕಟ್ಟಿದ ಆ ಮಡಕೆಯನ್ನು ದಾಟಿಕೊಂಡು ಹೋಗುವಾಗಲೆಲ್ಲ ಕಾಲು ನಿಲ್ಲುತ್ತಿತ್ತು. ಬರುತ್ತಾರೋ ಇಲ್ಲವೋ ಗೊತ್ತಿಲ್ಲದೆ ನೀರಿನ ಕಡೆ ನೋಡುತ್ತ ಕೂರುವುದು ಎಂದರೆ ಏನೆಂದು ಅವನಿಗೆ ಆಗ ಗೊತ್ತಾಯಿತು. ಇಷ್ಟು ವರ್ಷ ಮುದುಕ ಅಲ್ಲಿ ಕುಳಿತಿದ್ದ. ಹಡಗಿನಿಂದ ನೋಡುವವನಿಗೆ ಅದು ಬರೀ ಒಂದು ಬಿಳಿಯ ಬಟ್ಟೆಯಾಗಿ ಕಂಡಿತ್ತು.

ಮಳೆ ಇನ್ನೇನು ಹಿಡಿಯಬೇಕು ಎನ್ನುವಾಗ ಹಾಯಿ ಕಾಣಿಸಿತು.

ಇಳಿದವಳು ಮುದುಕಿ. ಹುಟ್ಟಿದಂದಿನಿಂದ ದೋಣಿ ಹತ್ತಿದವಳಲ್ಲ. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಸೊರಗಿಹೋಗಿದ್ದಳು. ಇಬ್ಬರು ನಾವಿಕರು ಕೈ ಹಿಡಿದು ಇಳಿಸಿದರು. ವರ್ತಕ ಸೊಂಟದವರೆಗಿನ ನೀರಿಗೆ ಇಳಿದು ಎದುರು ಹೋದ. ಅವಳು ಸುತ್ತ ಕಣ್ಣಾಡಿಸಿ, “ಇಷ್ಟೇನಾ ನಿನ್ನೂರು? ನೀನು ಹೇಳ್ತಿದ್ದದ್ದು ಕೇಳಿ ದೊಡ್ಡದು ಅಂದ್ಕೊಂಡಿದ್ದೆ” ಎಂದಳು.

ಸುದ್ದಿ ಹಬ್ಬಿ ಓಣಿಯವರೆಲ್ಲ ವರ್ತಕನ ಅಂಗಳದಲ್ಲಿ ಸೇರಿದರು. ಬೈದವರೂ ಬಂದರು. ಕಂಚುಗಾರ ಹಿಂದೆ ಗೋಡೆಯ ಪಕ್ಕದಲ್ಲಿ ನಿಂತ. ಮುದುಕಿ ಮಡಕೆಯ ಹಗ್ಗ ಬಿಚ್ಚಿದಳು. ವರ್ತಕನ ಹೆಂಡತಿ ರಾಗಿ ಬೀಸಿ ಅಂಬಲಿ ಕಾಸಿ ಬಟ್ಟಲಿಗೆ ಹೊಯ್ದು ತಂದಳು. ಮುದುಕಿ ಕುಡಿದಳು. ಅಷ್ಟು ಜನ ಅವಳ ಬಾಯನ್ನೇ ನೋಡುತ್ತ ನಿಂತಿದ್ದರು.

ಅವಳು ಬಾಯಿ ಒರೆಸಿಕೊಂಡು, “ಉಪ್ಪು ಕಮ್ಮಿ” ಎಂದಳು.

ವರ್ತಕ ಅದನ್ನು ಓಣಿಯವರಿಗೆ ತಿಳಿಯುವ ಹಾಗೆ ಹೇಳಿದ ಕೂಡಲೇ ಅಂಗಳಕ್ಕೆ ಅಂಗಳವೇ ನಕ್ಕಿತು. ಎಲ್ಲರಿಗೂ ಒಂದೊಂದು ಬಟ್ಟಲು ಬಂತು. ಎಷ್ಟೋ ವರ್ಷ ಹಿಡಿ ಹಿಡಿಯಾಗಿ ಕೊಟ್ಟವರು ಆ ಬೆಟ್ಟದ ರಾಗಿಯ ರುಚಿ ನೋಡಿದ್ದು ಅದೇ ಮೊದಲು. ಕಂಚುಗಾರ ತನ್ನ ಬಟ್ಟಲನ್ನು ಹಿಡಿದುಕೊಂಡು ಕುಡಿಯದೆ ನಿಂತಿದ್ದ. ಮುದುಕಿ ಅವನನ್ನು ತೋರಿಸಿ, ಇವನು ಯಾರು ಎಂದು ಕೇಳಿದಳು. ವರ್ತಕ ಹೇಳಿದ. ಅವಳು ಎದ್ದು ಹೋಗಿ ಅವನ ಗಲ್ಲ ಮುಟ್ಟಿ, ನಿನ್ನ ಹೆಸರು ಗೊತ್ತು, ಮುಖ ಗೊತ್ತಿರಲಿಲ್ಲ, ಕುಡಿ ಮಗಾ, ಆರಿಹೋಗುತ್ತೆ ಎಂದಳು. ಅವಳ ಮಾತು ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ಗಟಗಟನೆ ಕುಡಿದು, ಗೋಡೆಯ ಕಡೆ ತಿರುಗಿಕೊಂಡು ಕಣ್ಣು ಒರೆಸಿಕೊಂಡ.

ಮುದುಕಿ ಮಳೆಗಾಲವನ್ನು ಅವರ ನಡುವೆಯೇ ಕಳೆದಳು. ಗಾಳಿ ತಿರುಗಿದಾಗ ವರ್ತಕನೇ ಅವಳನ್ನು ಕರೆದುಕೊಂಡು ಹೊರಟ. ದಂಡೆ ಹತ್ತಿರವಾದಂತೆ ಅವನು ಹಡಗಿನ ತುದಿಗೆ ಹೋಗಿ ನಿಂತು ನೋಡಿದ. ಬಂಡೆ ಬರಿದಾಗಿತ್ತು. ಮೇಲೆ ಬೆಟ್ಟದಲ್ಲಿ ಮನೆಮನೆಯ ಮಾಡಿನಿಂದ ಹೊಗೆ ಏಳುತ್ತಿತ್ತು. ಸುಗ್ಗಿ ಮುಗಿದು ಆ ಜನ ಯಾರನ್ನೂ ಕಾಯದೆ ಹೊಸ ರಾಗಿ ಉಣ್ಣುತ್ತಿದ್ದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಹಾಗಾದರೆ, ಬಂಡೆಯ ಮೇಲೆ ಯಾರೂ ಇಲ್ಲದ್ದು ನೋಡಿ ಅವನಿಗೆ ದುಃಖವಾಗಲಿಲ್ಲವೇ?” ಎಂದು ಅಡವಯ್ಯ ಕೇಳಿದ.

“ಯಾಕೆ ಆಗುವುದಿಲ್ಲ? ಬದುಕಿರುವವರೆಗೂ ಆಯಿತು. ಆ ಬಿಳಿಯ ಬಟ್ಟೆ, ಆ ಕೂಗು, ಇಳಿದು ಬರುತ್ತಿದ್ದ ಮಕ್ಕಳು, ಎಲ್ಲವನ್ನೂ ಅವನು ಕೊನೆಯವರೆಗೂ ನೆನೆಸಿಕೊಳ್ಳುತ್ತಿದ್ದ. ಪ್ರೀತಿಯಿಂದ ಬಾಳಿದ ದಿನಗಳನ್ನು ನೆನೆಸಿಕೊಳ್ಳದೆ ಇರಲಾಗುತ್ತದೆಯೇ? ಆದರೆ ಆ ದಿನಗಳು ಮರಳಿ ಬರಲಿ ಎಂದು ಮಾತ್ರ ಅವನು ಬೇಡಿಕೊಳ್ಳಲಿಲ್ಲ. ಹೊಗೆ ನೋಡಿಕೊಂಡು ಬೆಟ್ಟ ಹತ್ತಿದ. ಬಂದೆಯಾ, ಕೂತುಕೋ, ಎಂದು ಯಾರೋ ಹೇಳಿದರು. ಕೂತುಕೊಂಡ.”

ಅಡವಯ್ಯ ತಲೆ ತಗ್ಗಿಸಿದ. “ಆದರೆ ಗುರುಗಳೇ, ನಮ್ಮ ಸಂಘದ ನಿಯಮ...” ಎಂದು ಬಾಯಿ ತೆರೆದ.

ಗುರುಗಳು ಕಂಬಕ್ಕೆ ಒರಗಿದ್ದ ಗಂಟಿನ ಕಡೆ ಕೈ ತೋರಿಸಿದರು.

“ಬಿಚ್ಚು ಅಡವಯ್ಯ, ನನಗೆ ಹಸಿವಾಗಿದೆ, ನೀನು ಮೊದಲು ತಿನ್ನದೆ ನಾನು ತಿನ್ನುವ ಹಾಗಿಲ್ಲ.”